‘ಬಹಳ’ ಎನ್ನದ ಊರು

ಸ್ಕಾರ್‌ವಿಕ್ ಊರಿನ ಜನ ‘ಬಹಳ’ ಎನ್ನುವ ಮಾತನ್ನು ಬಾಯಿಗೆ ತಂದುಕೊಳ್ಳುವುದಿಲ್ಲ. ಹೆಂಡತಿ ಅವಳಿ ಮಕ್ಕಳನ್ನು ಹೆತ್ತರೆ ‘ಸ್ವಲ್ಪ ಸುಸ್ತಾಗಿದ್ದಾಳೆ’ ಎನ್ನುತ್ತಾರೆ. ಚಾವಣಿಯ ಹೆಂಚೆಲ್ಲ ಗಾಳಿಗೆ ಹಾರಿಹೋದರೆ ‘ಮನೆ ಸ್ವಲ್ಪ ತಣ್ಣಗಿದೆ’. ಮೀನಿನ ಕಡುಬು ಬೆರಳು ನೆಕ್ಕುವಂತಿದ್ದರೆ ‘ಕೆಟ್ಟದ್ದೇನಲ್ಲ’. ಇದಕ್ಕಿಂತ ದೊಡ್ಡ ಹೊಗಳಿಕೆ ಆ ಊರಿನವರಿಗೆ ಗೊತ್ತಿಲ್ಲ. ಕಿಟ್ ಹಾರ್ಲೆಂಡ್ ಮದುವೆಯಾದ ದಿನ ಹುಡುಗಿ ಹೇಗೆ ಎಂದು ಯಾರೋ ಕೇಳಿದ್ದಕ್ಕೆ ‘ನಡೀತದೆ’ ಎಂದನಂತೆ. ಆ ಹೆಂಗಸು, ಡಾರ್ಕಸ್, ನಲವತ್ತು ವರ್ಷದಿಂದ ಅದನ್ನು ಹೊಗಳಿಕೆಯೆಂದೇ ಹೇಳಿಕೊಂಡು ತಿರುಗುತ್ತಾಳೆ.

ಯಾರ್ಕ್‌ಷೈರಿನ ಆ ಕರಾವಳಿಯವರು ಮೊದಲಿನಿಂದಲೂ ಮಾತಿನಲ್ಲಿ ಜಿಪುಣರೇ. ಆದರೆ ಸ್ಕಾರ್‌ವಿಕ್‌ನಲ್ಲಿ ಆ ಜಿಪುಣತನ ಕಟ್ಟಳೆಯಾದದ್ದು ಏಬಲ್ ಥೀಕರನಿಂದ.

ಹತ್ತೊಂಬತ್ತು ವರ್ಷದ ಹಿಂದೆ, ಒಂದು ನವೆಂಬರ್ ಬೆಳಿಗ್ಗೆ, ಏಡಿ ಹಿಡಿಯಲು ಸಮುದ್ರತಳದಲ್ಲಿಟ್ಟ ಬುಟ್ಟಿ ಎತ್ತಲು ಹೋದ ಏಬಲನ ದೋಣಿಗೆ ಎರಡು ದೊಡ್ಡ ಅಲೆ ನುಗ್ಗಿದವು. ಅವನು ರೇಡಿಯೋ ಹಿಡಿದು, ‘ಬಹಳ ಕೆಟ್ಟಿದೆ. ಬಹಳ ಬೇಗ ಬನ್ನಿ, ಬಹಳ’ ಎಂದ. ಸ್ಕಾರ್‌ವಿಕ್‌ನಲ್ಲಿ ಪ್ರತಿ ಅಡುಗೆಮನೆಯ ಕಪಾಟಿನ ಮೇಲೂ ದೋಣಿಗಳ ಮಾತು ಕೇಳುವ ಒಂದು ಪೆಟ್ಟಿಗೆ ಇರುತ್ತದೆ. ಗಂಡ, ಮಗ, ಅಣ್ಣ ಎಲ್ಲಿದ್ದಾನೆಂದು ಹೆಂಗಸರು ಬಟಾಣಿ ಸುಲಿಯುತ್ತ ಕೇಳುತ್ತಿರುತ್ತಾರೆ. ಹಾಗಾಗಿ ಆ ಮೂರು ‘ಬಹಳ’ವನ್ನೂ ಇಡೀ ಊರು ಕೇಳಿತು. ಜೀವರಕ್ಷಕ ದೋಣಿ ಹೊರಟು ಅವನ ಬಳಿ ಮುಟ್ಟುವಷ್ಟರಲ್ಲಿ ಗಾಳಿ ಸತ್ತು ಬಿಸಿಲು ಬಂದಿತ್ತು. ಬಂದರಿನ ಗೋಡೆ ಅರ್ಧ ಮೈಲಿಯಲ್ಲಿ ಕಾಣುತ್ತಿತ್ತು. ಏಬಲ್ ಟೀ ಡಬ್ಬಿಯಿಂದ ನೀರು ಮೊಗೆದು ಚೆಲ್ಲುತ್ತಿದ್ದ.

ಆ ಜೀವರಕ್ಷಕ ದೋಣಿಯಲ್ಲಿ ಕಿಟ್ ಹಾರ್ಲೆಂಡ್ ಇದ್ದ. ಅಂದು ಸಂಜೆ ‘ಮೂರು ಹೆರಿಂಗ್’ ಪಬ್ಬಿನಲ್ಲಿ ಅವನು ಎದ್ದುನಿಂತು, “ಯಾಕೋ ಏಬಲ್, ಟೀ ಬಹಳ ಬಿಸಿಯಾಗಿತ್ತಾ?” ಎಂದು ಕೇಳಿದ. ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಮರುದಿನದಿಂದ ಏಬಲನಿಗೆ ಅದೇ ಹೆಸರು. ಇಂಗ್ಲಿಷಿನಲ್ಲಿ ಅದು ಬರೀ ‘ವೆರಿ’. ನಾನು ಬಹಳಪ್ಪ ಎನ್ನುತ್ತೇನೆ, ಹಾಗೆಂದರೇ ಅದರ ಕುಟುಕು ನಮ್ಮ ಕಿವಿಗೆ ಮುಟ್ಟುವುದು. ಅಂಚೆಯವನೂ ಬಹಳಪ್ಪ ಎಂದ, ಪಾದ್ರಿಯೂ ಒಮ್ಮೆ ಬಾಯಿತಪ್ಪಿ ಎಂದ. ಶಾಲೆಯಲ್ಲಿ ಅವನ ಮಗಳು ಹೆಸ್ಟರಳನ್ನು ಮರಿ ಬಹಳಪ್ಪ ಎಂದರು. ಅವಳು ಹೊಡೆದಾಡಿ ಹಲ್ಲು ಮುರಿದುಕೊಂಡಳು.

ಅಲ್ಲಿಂದ ಆಚೆಗೆ ಯಾವ ಗಂಡಸೂ ರೇಡಿಯೋದಲ್ಲಿ ಆ ಮಾತು ಆಡಲಿಲ್ಲ. ಆಡಿದರೆ ಜನ್ಮಕ್ಕಂಟೀತು ಎಂಬ ಭಯ. ಆರು ವರ್ಷ ಕಳೆದ ಮೇಲೆ ಏಬಲನ ಗೆಳೆಯ ಜೋನಸ್ ವೆದರಿಲ್ ಒಂದು ಮಧ್ಯಾಹ್ನ ರೇಡಿಯೋದಲ್ಲಿ, ‘ಸ್ವಲ್ಪ ನೀರು ಬಂದಿದೆ’ ಎಂದ. ಕಾಲು ಗಂಟೆ ಬಿಟ್ಟು, ‘ಇನ್ನೂ ಸ್ವಲ್ಪ ಬಂದಿದೆ’ ಎಂದ. ಮತ್ತೆ ಸ್ವಲ್ಪ ಹೊತ್ತಿಗೆ, ‘ಕಾಲು ಸ್ವಲ್ಪ ತಣ್ಣಗಾಗ್ತಿದೆ’ ಎಂದ. ಆಮೇಲೆ ಏನೂ ಅನ್ನಲಿಲ್ಲ. ಹೆಣ ಹತ್ತು ದಿನದ ಮೇಲೆ ಸಿಕ್ಕಿತು.

ಮಣ್ಣು ಮಾಡಿ ಬಂದವರು ಗಾಳಿಯನ್ನು ಬೈದರು, ಹಳೇ ಇಂಜಿನ್ನನ್ನು ಬೈದರು. ಜೋನಸನನ್ನು ಕೊಂದದ್ದು ಒಂದು ಅಡ್ಡಹೆಸರು ಎಂದು ಯಾರೂ ಹೇಳಲಿಲ್ಲ. ಏಬಲನಿಗೆ ಮಾತ್ರ ಅದು ಎದೆಯಲ್ಲಿ ಮುಳ್ಳಿನಂತೆ ಕೂತಿತು. ಈ ಊರಿನ ಗಂಡಸರ ಬಾಯಲ್ಲಿ ಆ ಮಾತು ಹೇಳಿಸದೆ ನಾನು ಸಾಯುವುದಿಲ್ಲ ಎಂದು ಅವನು ಜೋನಸನ ಗೋರಿಯ ಮುಂದೆಯೇ ನಿರ್ಧರಿಸಿಬಿಟ್ಟ. ಅದೇ ವರ್ಷ ಮಂಡಿ ಸೋತು ದೋಣಿ ಮಾರಿದ ಮೇಲೆ ಗುಡ್ಡದ ಮೇಲಿನ ಕಾವಲುಮನೆಯಲ್ಲಿ ರೇಡಿಯೋ ನೋಡಿಕೊಳ್ಳುವ ಕೆಲಸ ಕೇಳಿ ಪಡೆದ. ಮೊದಲು ಮಾಡಿದ ಕೆಲಸವೆಂದರೆ, ಹವಾಮಾನದವರ ಅಳತೆಪಟ್ಟಿ ತಂದು ಗೋಡೆಗೆ ಅಂಟಿಸಿದ್ದು.

“ನೋಡ್ರಯ್ಯಾ,” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. “ಅಲೆ ಎಂಟಡಿಯಿಂದ ಹದಿಮೂರಡಿ ಇದ್ರೆ ‘ಒರಟು’. ಹದಿಮೂರರಿಂದ ಇಪ್ಪತ್ತಡಿ ಇದ್ರೆ ‘ಬಹಳ ಒರಟು’. ಇದು ಅಳುಬುರುಕರ ಮಾತಲ್ಲ, ಅಳತೆ. ಮೊಳ, ಗೇಣು ಇದ್ದ ಹಾಗೆ. ಹೇಳೋಕೆ ನಾಚಿಕೆ ಯಾಕೆ?”

“ಹೌದೌದು ಬಹಳಪ್ಪಾ, ಬಹಳ ಸರಿ,” ಎಂದು ನಗುತ್ತಿದ್ದರು. ಬೆಳಗಿನ ಕರೆಯಲ್ಲಿ ಪ್ರತಿ ದೋಣಿಯೂ ಅವನಿಗೆ ಸಮುದ್ರದ ಸ್ಥಿತಿ ಹೇಳಬೇಕು. ಹದಿನೈದಡಿ ಅಲೆ ಎದ್ದಿದ್ದರೂ ‘ಸ್ವಲ್ಪ ಕುಣೀತಿದೆ’ ಎನ್ನುತ್ತಿದ್ದರು. “ಅಳತೆ ಹೇಳು,” ಎಂದು ಏಬಲ್ ಬೆನ್ನು ಬೀಳುತ್ತಿದ್ದ. ಅವರು ರೇಡಿಯೋ ಆರಿಸುತ್ತಿದ್ದರು. ಹೀಗೆ ಹದಿಮೂರು ವರ್ಷ. ಒಂದು ದಿನವೂ ಅವನು ಕೇಳುವುದು ಬಿಡಲಿಲ್ಲ, ಒಬ್ಬನೂ ಹೇಳಲಿಲ್ಲ.

ಎಲ್ಲಕ್ಕಿಂತ ಅವನಿಗೆ ನೋವು ಕೊಟ್ಟದ್ದು ಮಗಳು. ಹೆಸ್ಟರಳಿಗೆ ಈಗ ಮೂವತ್ತೊಂದು. ಅಪ್ಪನ ಕಸುಬೇ ಬೇಕೆಂದು ಹಟ ಹಿಡಿದವಳು ಕೆಲಸಕ್ಕೆ ಸೇರಿದ್ದು ಹಾರ್ಲೆಂಡನ ‘ಪ್ರುಡೆನ್ಸ್’ ದೋಣಿಗೆ. ಊರಿನಲ್ಲಿ ಬೇರೆ ದೋಣಿ ಇರಲಿಲ್ಲವೇ? ಇದ್ದವು. ಆದರೆ ಹೆಸರಿಟ್ಟವನ ದೋಣಿಯಲ್ಲೇ ನಿಂತು, ತಾನು ಅಪ್ಪನಂತಲ್ಲ ಎಂದು ತೋರಿಸಬೇಕಿತ್ತು ಅವಳಿಗೆ.

ಆ ಮಾರ್ಚ್ ಬೆಳಿಗ್ಗೆ ಹವಾಮಾನದವರು ‘ಉತ್ತರದ ಬಿರುಗಾಳಿ, ಸಮುದ್ರ ಒರಟು, ಮಧ್ಯಾಹ್ನಕ್ಕೆ ಬಹಳ ಒರಟು’ ಎಂದಿದ್ದರು. ಅಂಥ ಗಾಳಿ ಬರುವ ಮುನ್ನ ಹೋಗಿ ಬುಟ್ಟಿಗಳನ್ನು ಎತ್ತಿ ತಾರದಿದ್ದರೆ ಅವು ಬಂಡೆಗೆ ಬಡಿದು ಪುಡಿಯಾಗುತ್ತವೆ. ಎರಡು ದೋಣಿಗಳು ಸಜ್ಜಾದವು: ಉತ್ತರಕ್ಕೆ ಹ್ಯಾಗ್ ಬಂಡೆಯ ಕಡೆಗೆ ಹಾರ್ಲೆಂಡ್, ಪೂರ್ವಕ್ಕೆ ಜೋನಸನ ಮಗ ರೂಬೆನ್ ವೆದರಿಲ್.

ಏಬಲ್ ಅಡುಗೆಮನೆಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ ಮಗಳನ್ನು ತಡೆದ. “ಇವತ್ತು ಬೇಡ ಕಣೇ.”

“ಬೇರೆ ಯಾರಾದ್ರೂ ಹೇಳಿದ್ರೆ ಉಳೀತಿದ್ದೆ,” ಎಂದಳು ಹೆಸ್ಟರ್. “ನೀನು ಹೇಳಿದ್ಮೇಲೆ ಹೋಗ್ಲೇಬೇಕು. ಇಲ್ದಿದ್ರೆ ಬಹಳಪ್ಪನ ಮಗಳೂ ಹೆದರಿದ್ಲು ಅಂತಾರೆ.”

“ಅನ್ಲಿ ಬಿಡು.”

“ನಿಂಗೆ ಅನ್ನಿಸ್ಕೊಂಡು ಅಭ್ಯಾಸ ಅಪ್ಪ. ನಂಗಿಲ್ಲ.”

ಬಾಗಿಲು ಹಾಕಿಕೊಂಡು ಹೋದಳು. ಏಬಲ್ ಊರುಗೋಲು ಹಿಡಿದು ಗುಡ್ಡ ಹತ್ತಿದ.

ಹನ್ನೊಂದೂವರೆಗೆ ಗಾಳಿ ಹೇಳಿದ್ದಕ್ಕಿಂತ ಮುಂಚೆ ಬಂತು. ಕಾವಲುಮನೆಯ ಕಿಟಕಿ ಗಡಗಡ ಎನ್ನತೊಡಗಿತು. ಅಷ್ಟರಲ್ಲಿ ರೇಡಿಯೋದಲ್ಲಿ ಅಪರಿಚಿತ ದನಿಯೊಂದು ಕಿರುಚಿತು. ದಕ್ಷಿಣಕ್ಕೆ ಆರು ಮೈಲಿ ಆಚೆ, ಲಂಡನ್ ಕಡೆಯವರ ಒಂದು ವಿಹಾರದ ಹಾಯಿದೋಣಿ.

“ನಾವು ವಿಪರೀತ ಕಷ್ಟದಲ್ಲಿದೀವಿ! ಪರಿಸ್ಥಿತಿ ತುಂಬಾ, ತುಂಬಾ ಭಯಂಕರವಾಗಿದೆ! ದಯವಿಟ್ಟು ತಕ್ಷಣ ಬನ್ನಿ!”

ಜೀವರಕ್ಷಕ ದೋಣಿಯ ಚುಕ್ಕಾಣಿ ಹಿಡಿಯುವ ಈಲೈ ಕೋಲ್ ಆಗಲೇ ನೀರು ತಡೆಯುವ ಎಣ್ಣೆಬಟ್ಟೆ ತೊಟ್ಟು ಕಾವಲುಮನೆಗೆ ಓಡಿ ಬಂದಿದ್ದ. ಐವತ್ತರ ಗಟ್ಟಿ ಆಳು. ಪಟ್ಟಣದ ಕರಾವಳಿ ಕಾವಲು ಠಾಣೆಯವರು ಫೋನಿನಲ್ಲಿ, ‘ಹಾಯಿದೋಣಿಗೆ ಹೋಗಿ’ ಎಂದರು. ಈಲೈ ಹೊರಡುವವನಿದ್ದ. ಆಗಲೇ ಇನ್ನೊಂದು ದನಿ ಬಂತು. ನಿಧಾನದ, ಆಕಳಿಸುವಂಥ, ಹಾರ್ಲೆಂಡನ ದನಿ.

“ಕಾವಲುಮನೆ, ಇದು ಪ್ರುಡೆನ್ಸ್. ಹಗ್ಗ ಒಂದು ಇಂಜಿನ್ ರೆಕ್ಕೆಗೆ ಸುತ್ಕೊಂಡಿದೆ. ಇಲ್ಲಿ ಸ್ವಲ್ಪ ಕುಣೀತಿದೆ. ಅವಸರ ಏನಿಲ್ಲ, ಏಬಲ್.”

ಏಬಲನ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು.

“ಅಲೆ ಅಳತೆ ಹೇಳು ಕಿಟ್,” ಎಂದ.

“ಸ್ವಲ್ಪ ಕುಣೀತಿದೆ ಅಂದ್ನಲ್ಲ ಮಾರಾಯ.”

“ಬಂಡೆ ಎಷ್ಟು ದೂರ?”

“ಕಾಣ್ತಿದೆ.”

“ಹೆಸ್ಟರ್ ಹೇಗಿದಾಳೆ?”

“ನೀರು ಚೆಲ್ತಿದಾಳೆ. ಕೆಲಸದ ಹುಡುಗಿ. ಬಿಡುವಾದಾಗ ಬನ್ನಿ, ಏಬಲ್.”

ರೇಡಿಯೋ ಸುಮ್ಮನಾಯಿತು. ಈಲೈ ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. “ಸರಿ. ಮೊದಲು ಹಾಯಿದೋಣಿಗೆ ಹೋಗ್ತೀನಿ. ಕಿಟ್ ಅವಸರ ಇಲ್ಲ ಅಂದ.”

“ನೀನು ಉತ್ತರಕ್ಕೆ ಹೋಗ್ಬೇಕು,” ಎಂದ ಏಬಲ್.

“ಮಗಳಿದಾಳೆ ಅಂತ ನಿಂಗೆ ಸಂಕಟ. ಗೊತ್ತು. ಆದ್ರೆ ನನ್ ಹತ್ರ ಇರೋದು ಒಂದೇ ದೋಣಿ, ಏಳು ಜನ. ಆ ಕಡೆಯವರು ಭಯಂಕರ ಅಂತಿದಾರೆ. ಕಿಟ್ ಸ್ವಲ್ಪ ಅಂತಿದಾನೆ. ನಾಳೆ ಕೇಳಿದ್ರೆ ನಾನೇನು ಹೇಳ್ಲಿ?”

“ಅವನು ನನ್ನ ಏನಂತ ಕರೆದ?”

“ಏನಂತ ಅಂದ್ರೆ?”

“ಎರಡು ಸಲ ಏಬಲ್ ಅಂದ ಕಣಯ್ಯಾ!” ಏಬಲ್ ಊರುಗೋಲನ್ನು ನೆಲಕ್ಕೆ ಕುಟ್ಟಿದ. “ಹತ್ತೊಂಬತ್ತು ವರ್ಷದಲ್ಲಿ ಕಿಟ್ ಹಾರ್ಲೆಂಡ್ ನನ್ನ ಹೆಸರು ಹಿಡಿದು ಕರೆದಿದ್ದು ಕೇಳಿದ್ಯಾ? ನನ್ನ ಹೆಂಡ್ತಿ ಸತ್ತಾಗ ಕೈ ಹಿಡ್ಕೊಂಡು ‘ಧೈರ್ಯ ತಂದ್ಕೋ ಬಹಳಪ್ಪಾ’ ಅಂದೋನು ಅವನು! ಇವತ್ತು ಯಾಕೆ ಆ ಹೆಸರು ಬರ್ಲಿಲ್ಲ ಬಾಯಿಗೆ?”

ಈಲೈ ಬಾಗಿಲ ಹಿಡಿ ಬಿಟ್ಟ. ಅವನೂ ಸ್ಕಾರ್‌ವಿಕ್‌ನಲ್ಲೇ ಹುಟ್ಟಿದವನು. ತಮಾಷೆ ಬಿಟ್ಟ ಹಾರ್ಲೆಂಡ್ ಎಂದರೇನೆಂದು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

“ಆದ್ರೂ ಆ ಹಾಯಿದೋಣಿಯೋರ್ನ ಸಾಯೋಕೆ ಬಿಡೋಕಾಗಲ್ಲ,” ಎಂದ ಮೆಲ್ಲಗೆ.

“ಬಿಡು ಅಂತ ನಾನೂ ಹೇಳಲ್ಲ. ಒಂದು ನಿಮಿಷ ನಿಲ್ಲು.” ಏಬಲ್ ರೇಡಿಯೋ ಎತ್ತಿಕೊಂಡ. “ಹಾಯಿದೋಣಿಯೋರೇ, ಕಿರುಚ್ಬೇಡಿ, ನಾನು ಕೇಳಿದ್ದಕ್ಕೆ ಉತ್ತರ ಕೊಡಿ. ಒಳಗೆ ನೀರು ಎಲ್ಲಿವರೆಗೆ ಬಂದಿದೆ? ಹರಡು? ಮಂಡಿ? ಸೊಂಟ?”

“ನೀರಾ? ಒಳಗೆ ನೀರೇನಿಲ್ಲ. ಆದ್ರೆ ಹಾಯಿ ಹರಿದುಹೋಗಿದೆ, ಎಲ್ಲರಿಗೂ ತುಂಬಾ ವಾಂತಿ!”

“ಎಡಗಡೆ ಬಿಳೀ ಕಡಿದಾದ ಗುಡ್ಡ ಕಾಣ್ತಿದ್ಯಾ? ಅದರ ಹಿಂದೆ ಮರಳು ಕೊಲ್ಲಿ ಇದೆ, ಗಾಳಿ ಬರಲ್ಲ. ಇಂಜಿನ್ ಇದ್ಯಾ?”

“ಇದೆ. ನಿಧಾನಕ್ಕೆ ಓಡುತ್ತೆ.”

“ಹಾಗಾದ್ರೆ ಆ ಗುಡ್ಡದ ಹಿಂದೆ ಹೋಗಿ, ಲಂಗರು ಹಾಕಿ ಕೂತ್ಕೊಳ್ಳಿ. ಪಕ್ಕದ ಬಂದರಿನ ದೋಣಿ ಒಂದು ಗಂಟೇಲಿ ನಿಮ್ಮ ಹತ್ರ ಇರತ್ತೆ. ಅಲ್ಲೀವರೆಗೂ ನಾನು ನಿಮ್ಮ ಜೊತೆ ಮಾತಾಡ್ತಿರ್ತೀನಿ. ನಿಮಗೇನೂ ಆಗಲ್ಲ.”

ಆಮೇಲೆ ಪಟ್ಟಣದ ಠಾಣೆಗೆ ಫೋನ್ ಮಾಡಿದ. ಅಲ್ಲಿದ್ದವನು ಹೊಸಬ. ಹಾರ್ಲೆಂಡನ ಕರೆಯನ್ನು ಅವನೂ ಕೇಳಿದ್ದ, ಅದರಲ್ಲಿ ಅಪಾಯದ ಮಾತೇ ಇರಲಿಲ್ಲ ಎಂದು ವಾದಿಸಿದ. “ಇರ್ಲಿಲ್ಲ ಸ್ವಾಮಿ, ಅದಕ್ಕೇ ಹೇಳ್ತಿದೀನಿ,” ಎಂದ ಏಬಲ್. “ತುಂಬಿದ ಕೊಡ ತುಳುಕಲ್ಲ. ನಮ್ಮ ಸ್ಕಾರ್‌ವಿಕ್ ದೋಣಿ ಉತ್ತರಕ್ಕೆ ಹೋಗತ್ತೆ. ಪಕ್ಕದ ಬಂದರಿನದನ್ನ ನೀವು ದಕ್ಷಿಣಕ್ಕೆ ಕಳಿಸಿ. ಹೊಣೆ ನಂದು. ಹೆಸರು ಬರ್ಕೊಳ್ಳಿ: ಏಬಲ್ ಥೀಕರ್.” ಫೋನ್ ಇಟ್ಟು ತಿರುಗಿದಾಗ ಈಲೈ ಅಲ್ಲಿರಲಿಲ್ಲ. ಕೆಳಗೆ ಬಂದರಿನಿಂದ, ಜೀವರಕ್ಷಕ ದೋಣಿಯ ಆಳುಗಳನ್ನು ಕರೆಯುವ ಬಾಣಬಿರುಸು ಎರಡು ಸಲ ಸಿಡಿದು ಹಕ್ಕಿಗಳೆಲ್ಲ ಎದ್ದವು.

ಮುಂದಿನ ಐವತ್ತು ನಿಮಿಷ ಅವನು ಹಾಯಿದೋಣಿಯವರಿಗೆ ಧೈರ್ಯ ಹೇಳುತ್ತ ಕೂತ. ಅವರಿಗೆ ಶುಂಠಿ ಬಿಸ್ಕತ್ತು ತಿನ್ನಲು ಹೇಳಿದ. ನಡುವೆ ಪ್ರುಡೆನ್ಸನ್ನು ಕರೆದ, ಉತ್ತರ ಬರಲಿಲ್ಲ. ರೂಬೆನ್‌ನನ್ನು ಕರೆದ, ‘ನಡೀತಿದೆ’ ಎಂದು ಉತ್ತರ ಬಂತು. ಜೋನಸನದೇ ದನಿ, ಜೋನಸನದೇ ರಾಗ. ಮತ್ತೆ ಪ್ರುಡೆನ್ಸ್ ಎಂದು ಕರೆದ, ಮತ್ತೆ ಮೌನ. ಮಗಳ ಜೊತೆ ಕೊನೆಯದಾಗಿ ಆಡಿದ ಮಾತು ‘ಅನ್ಲಿ ಬಿಡು’ ಎಂದಾಯಿತಲ್ಲ ಎಂದುಕೊಂಡ. ಅಳು ಬಂತು, ಆದರೆ ಹಾಯಿದೋಣಿಯವರಿಗೆ ಕೇಳಿಸಬಾರದೆಂದು ನುಂಗಿಕೊಂಡ.

ಕೊನೆಗೆ ಈಲೈನ ದನಿ ಬಂತು. “ಕಾವಲುಮನೆ. ಇಬ್ಬರೂ ಸಿಕ್ಕಿದ್ರು. ದೋಣಿ ಕಟ್ಕೊಂಡು ಬರ್ತಿದೀವಿ. ಸ್ವಲ್ಪ ಬಿಗಿಯಾಗಿತ್ತು.”

ಏಬಲ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಒಂದು ನಿಮಿಷ ಕೂತ. ಆಮೇಲೆ ಅವನಿಗೆ ಸಿಟ್ಟು ಬಂತು.

ಹಾಯಿದೋಣಿಯವರನ್ನು ಪಕ್ಕದ ಬಂದರಿನ ದೋಣಿ ಬಂದು ಕರೆದೊಯ್ದಿತು. ಪ್ರುಡೆನ್ಸಿನದು ಎಷ್ಟು ಬಿಗಿಯಾಗಿತ್ತೆಂದು ಬಂದರಿಗೆ ಬಂದವರಿಂದ ತಿಳಿಯಿತು. ಪ್ರುಡೆನ್ಸ್ ಬಂಡೆಯಿಂದ ಮೂವತ್ತು ಗಜ ದೂರದಲ್ಲಿತ್ತು. ಒಳಗೆ ಸೊಂಟಮಟ್ಟ ನೀರು, ರೇಡಿಯೋ ಮುಳುಗಿತ್ತು. ಇನ್ನೊಂದು ಹತ್ತು ನಿಮಿಷವಾಗಿದ್ದರೆ ಕಟ್ಟಿಗೆ ಚೂರು ಆರಿಸಬೇಕಿತ್ತು. ನಿಯಮದಂತೆ, ರಕ್ಷಿಸಿ ತಂದವರು ಕಾವಲುಮನೆಗೆ ಬಂದು ದಾಖಲೆಪುಸ್ತಕದಲ್ಲಿ ತಮ್ಮ ಮಾತಿನಲ್ಲೇ ಸಮುದ್ರದ ಸ್ಥಿತಿ ಬರೆದು ಸಹಿ ಹಾಕಬೇಕು. ಹಾರ್ಲೆಂಡ್ ಬಂದ. ಅರವತ್ತೆಂಟರ ದೊಡ್ಡ ಮೈ ನಡುಗುತ್ತಿತ್ತು, ಮೀಸೆಯಿಂದ ನೀರು ಸೋರುತ್ತಿತ್ತು. ಹಿಂದೆ ಹೆಸ್ಟರ್ ಕಂಬಳಿ ಹೊದ್ದು ಬಂದಳು. ಅವಳ ಹಿಂದೆ ಈಲೈ, ಕೈಯಲ್ಲಿ ಟೀ ಬಟ್ಟಲು.

ಏಬಲ್ ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿದ. ಆಮೇಲೆ ಹಾರ್ಲೆಂಡನ ಕಡೆ ತಿರುಗಿದ.

“ನನ್ನ ಮಗಳಿದ್ಲಲ್ಲೋ ಅದರಲ್ಲಿ!”

“ನಿನ್ನ ಕರೆದ್ನಲ್ಲ,” ಎಂದ ಹಾರ್ಲೆಂಡ್ ನೆಲ ನೋಡುತ್ತ.

“ಅವಸರ ಇಲ್ಲ ಅಂದೆ! ಈಲೈ ದಕ್ಷಿಣಕ್ಕೆ ಹೊರಟಿದ್ದ ಗೊತ್ತಾ? ಜೋನಸ್ ಹೀಗೇ ಸತ್ತ. ನಾನೂ ನೀನೂ ಹೆಣ ಹೊತ್ವಿ, ನೀನು ಮುಂದೆ ನಾನು ಹಿಂದೆ. ಹದಿಮೂರು ವರ್ಷ ಬೇಡ್ಕೊಂಡೆ. ಇವತ್ತು ಬೇಡ್ಕೊಳ್ಳಲ್ಲ. ಅಲೆ ಎಷ್ಟಿತ್ತೋ ಅಷ್ಟು ಬರಿ. ಬರೆದದ್ದನ್ನ ರೇಡಿಯೋದಲ್ಲಿ ಓದು. ಊರೆಲ್ಲ ಕೇಳ್ಲಿ. ಓದೋವರೆಗೂ ಈ ಬಾಗಿಲು ಬಿಟ್ಟು ಹೋಗೋಕೆ ಬಿಡಲ್ಲ ನಾನು.” ಏಬಲ್ ಹೋಗಿ, ನೋಯುವ ಮಂಡಿಯಲ್ಲೇ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಹಾರ್ಲೆಂಡ್ ಪೆನ್ನು ತೆಗೆದುಕೊಂಡ. ‘ಒರಟು’ ಎಂದು ಬರೆದ. ಗೋಡೆಯ ಪಟ್ಟಿ ನೋಡಿದ. ತಾನು ಬರೆದ ಪದದ ಎಡಕ್ಕೆ ಬೆರಳಗಲ ಜಾಗ ಖಾಲಿ ಇತ್ತು. ಪೆನ್ನನ್ನು ಅಲ್ಲಿಗೆ ತಂದ, ಅವನ ಕೈ ಮುಂದೆ ಹೋಗಲಿಲ್ಲ. ದೊಡ್ಡ ಗಂಡಸು, ಸಾವನ್ನು ಆಕಳಿಸುತ್ತ ನೋಡಿ ಬಂದವನು, ಮೂರಕ್ಷರಕ್ಕೆ ಬೆವರಿದ. “ನಂಗಾಗಲ್ಲ ಏಬಲ್,” ಎಂದ. “ಡಾರ್ಕಸ್ ಕೇಳ್ತಿರ್ತಾಳೆ ಅಡುಗೆಮನೇಲಿ. ಎಲ್ರೂ ಕೇಳ್ತಿರ್ತಾರೆ.”

“ಕೇಳ್ಲಿ,” ಎಂದಳು ಹೆಸ್ಟರ್.

ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿ ‘ಬಹಳ’ ಎಂದು ಬರೆದಳು.

“ಅಪ್ಪ, ಕಿಟ್ ನೀರು ಚೆಲ್ಲೋವಾಗ ರೇಡಿಯೋ ನನ್ ಕೈಲೇ ಇತ್ತು,” ಎಂದಳು. “ಎರಡು ನಿಮಿಷ ಇತ್ತು. ನಾನು ಹೇಳ್ಬೋದಿತ್ತು. ನಿನ್ನ ಮಗಳು ಅಂತಾನೇ ಹೇಳ್ಲಿಲ್ಲ. ಸತ್ರೂ ಪರವಾಗಿಲ್ಲ ಅನ್ಕೊಂಡೆ. ಎಂಥಾ ಹುಚ್ಚು ನೋಡು.”

ಹೆಸ್ಟರ್ ಮೇಜಿನ ಬಳಿ ಹೋಗಿ ರೇಡಿಯೋ ಎತ್ತಿಕೊಂಡು ಗುಂಡಿ ಒತ್ತಿದಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು, ಆದರೆ ದನಿ ಗಟ್ಟಿಯಾಗಿತ್ತು.

“ಎಲ್ರೂ ಕೇಳಿ. ಇದು ಹೆಸ್ಟರ್ ಥೀಕರ್, ಬಹಳಪ್ಪನ ಮಗಳು. ಇವತ್ತು ಹ್ಯಾಗ್ ಬಂಡೆ ಹತ್ರ ಅಲೆ ಹದಿನೇಳಡಿ ಇತ್ತು. ಸಮುದ್ರ ಬಹಳ ಒರಟಾಗಿತ್ತು. ನಂಗೆ ಬಹಳ ಹೆದರಿಕೆ ಆಗಿತ್ತು. ಕಿಟ್‌ಗೂ ಆಗಿತ್ತು. ಅಷ್ಟೇ.”

ಗುಂಡಿ ಬಿಟ್ಟಳು. ಕೆಳಗೆ ನೂರು ಅಡುಗೆಮನೆಗಳಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಆ ಪೆಟ್ಟಿಗೆಗಳು ಕೇಳಿಸುತ್ತವೆ, ಮಾತಾಡುವುದಿಲ್ಲ. ಹಾರ್ಲೆಂಡ್ ಕಿವಿಯವರೆಗೂ ಕೆಂಪಾಗಿ ಕಿಟಕಿಯ ಆಚೆ ನೋಡುತ್ತಿದ್ದ.

ಆಗ ರೇಡಿಯೋ ಕರಕರ ಎಂದಿತು.

“ಕಾವಲುಮನೆ. ರೂಬೆನ್ ವೆದರಿಲ್.” ಗಾಳಿಯ ಶಬ್ದ ಮಾತ್ರ ಕೇಳಿಸುತ್ತಿತ್ತು. “ಇಲ್ಲೂ... ಇಲ್ಲೂ ಬಹಳ ಒರಟಾಗಿದೆ.”

ಏಬಲ್ ಬಾಗಿಲು ಬಿಟ್ಟು ಕುಂಟುತ್ತ ಬಂದು ಮಗಳ ಕೈಯಿಂದ ರೇಡಿಯೋ ತೆಗೆದುಕೊಂಡ. ಹದಿಮೂರು ವರ್ಷದಿಂದ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದ.

“ಅಳತೆ ಹೇಳು ಮಗಾ.”

“ಹದಿನಾರಡಿ. ಒಳಗೆ ಮಂಡಿವರೆಗೂ ನೀರಿದೆ. ಏರ್ತಿದೆ.”

“ಯಾವಾಗಿಂದ?”

“ಒಂದು ಗಂಟೆ ಹೊತ್ತಾಯ್ತು.”

“ಬರ್ಬೇಕಾ?”

“ಬನ್ನಿ,” ಎಂದ ರೂಬೆನ್.

ಈಲೈ ಟೀ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಗುಡ್ಡ ಇಳಿಯತೊಡಗಿದ. ಬಾಣ ಹಾರಿಸಲು ಹಾರ್ಲೆಂಡ್ ಒದ್ದೆ ಬಟ್ಟೆಯಲ್ಲೇ ಅವನ ಹಿಂದೆ ಓಡಿದ. ಏಬಲ್ ದಾಖಲೆಪುಸ್ತಕ ಎಳೆದುಕೊಂಡು ಹೊಸ ಸಾಲಿನಲ್ಲಿ ಗಂಟೆ ಬರೆದ, ಜೋನಸನ ಮಗನ ಹೆಸರು ಬರೆದ, ಮುಂದೆ ‘ಬಹಳ ಒರಟು, ಹದಿನಾರಡಿ, ದೋಣಿ ಹೊರಟಿದೆ’ ಎಂದು ಬರೆದ. ಯಾರೂ ನಗಲಿಲ್ಲ.